ಐದನೇ ಕೈ

ನೆಲ್ಡಾ ರಾಟ್ಲಿಫ್ ಕೆಲ್ಸೋ ಬೆಂಡ್ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಮೂರು ವರ್ಷ ದುಡಿದವಳು. ನದಿಯ ಮಂಜು ಇನ್ನೂ ಬೀದಿಯಲ್ಲಿರುವಾಗಲೇ ಹಿಂಬಾಗಿಲ ಬೀಗ ತೆಗೆದು ಒಳಹೊಕ್ಕಳೆಂದರೆ ಹನ್ನೊಂದು ಗಂಟೆಗೆ ನಾನೂರು ಮಕ್ಕಳ ತಟ್ಟೆಗೆ ಬಿಸಿ ಊಟ ಬೀಳುತ್ತಿತ್ತು. ಯಾವ ಮಗು ಹಿಂದಿನ ದಿನ ಮನೆಯಲ್ಲಿ ಉಂಡಿಲ್ಲ ಅನ್ನುವುದನ್ನು ಅದು ತಟ್ಟೆ ಹಿಡಿದ ರೀತಿಯಲ್ಲೇ ಕಂಡುಕೊಳ್ಳುತ್ತಿದ್ದಳು. ಕೇಳುತ್ತಿರಲಿಲ್ಲ, ಮರುಗುತ್ತಲೂ ಇರಲಿಲ್ಲ. ಒಂದು ಬನ್ನು ಹೆಚ್ಚಿಗೆ ಹಾಕಿ, "ಮುಂದೆ ನಡಿ, ಹಿಂದೆ ಸಾಲು ನಿಂತಿದೆ" ಅಂತ ಗದರುತ್ತಿದ್ದಳು. ನೆಲ್ಡಾಳ ಕೈ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು ಅಂತ ನಮ್ಮೂರಲ್ಲಿ ಮಾತಿತ್ತು.

ಅವಳು ಹುಟ್ಟಿದ್ದು ಊರಿನಿಂದ ಹದಿನೆಂಟು ಮೈಲಿ ಮೇಲೆ, ಗುಡ್ಡಗಳ ಸಂದಿಯ ಡ್ರೈ ಬ್ರಾಂಚ್‌ನಲ್ಲಿ. ಅಲ್ಲಿನ ಪುಟ್ಟ ಶಾಲೆಯಲ್ಲಿ ಕಲಿತು, ಒಂಬತ್ತನೇ ತರಗತಿಗೆ ಓದು ಬಿಟ್ಟು, ಕಲ್ಲಿದ್ದಲು ಗಣಿಯ ಹೋಬರ್ಟ್‌ನನ್ನು ಮದುವೆಯಾಗಿ ಕೆಳಗಿಳಿದು ಬಂದಿದ್ದಳು. ಗಣಿಯ ದೂಳು ಎದೆಯಲ್ಲಿ ಕೂತು ಹೋಬರ್ಟ್ ಐವತ್ತು ತುಂಬುವ ಮೊದಲೇ ಹೋದ. ಉಳಿದವನು ಒಬ್ಬನೇ ಮಗ ವೆಂಡಲ್. ಆರಡಿ ಮೇಲೆ ಮೂರಂಗುಲ ಎತ್ತರದ ಆಳು. ಶಾಲೆಯ ಫುಟ್‌ಬಾಲ್ ತಂಡದಲ್ಲಿ ಗೋಡೆಯ ಹಾಗೆ ನಿಲ್ಲುತ್ತಿದ್ದ. ಮಾತು ಕಡಿಮೆ, ನಗು ಜಾಸ್ತಿ. ಹನ್ನೆರಡನೇ ತರಗತಿ ಮುಗಿಸಿದ ಅವನ ಪ್ರಮಾಣಪತ್ರಕ್ಕೆ ನೆಲ್ಡಾ ಚೌಕಟ್ಟು ಹಾಕಿಸಿ ಮುಂದಿನ ಕೋಣೆಯಲ್ಲಿ ನೇತುಹಾಕಿದ್ದಳು. ರಾಟ್ಲಿಫ್ ವಂಶದಲ್ಲಿ ಅಷ್ಟು ಓದಿದವನು ಅವನೇ ಮೊದಲು.

ಸಾವಿರದ ಒಂಬೈನೂರ ತೊಂಬತ್ತಾರರ ಏಪ್ರಿಲ್‌ನಲ್ಲಿ ವೆಂಡಲ್ ಸತ್ತ. ಅವನಿಗೆ ಇಪ್ಪತ್ತನಾಲ್ಕು.

ನದಿಯಾಚೆಯ ಹಾಲಿನ ಕಾರ್ಖಾನೆಯಲ್ಲಿ ತೊಟ್ಟಿ ತೊಳೆಯುವುದು ಅವನ ಕೆಲಸ. ತೊಳೆಯಲು ಎರಡು ಬಗೆಯ ಮದ್ದು ಬರುತ್ತಿತ್ತು, ನೀಲಿ ಪೀಪಾಯಿಯಲ್ಲೊಂದು, ಬಿಳಿಯದರಲ್ಲೊಂದು. ಎರಡನ್ನೂ ಬೆರೆಸಬಾರದು. ನಾಲ್ಕು ವರ್ಷ ಒಂದು ದಿನವೂ ತಪ್ಪದೆ ಆ ಕೆಲಸ ಮಾಡಿದ್ದ. ಆ ತಿಂಗಳು ಬೇರೆ ಕಡೆಯಿಂದ ಸರಕು ತರಿಸಿದರು. ಬಂದ ಪೀಪಾಯಿಗಳೆಲ್ಲ ನೀಲಿ. ಯಾವುದರಲ್ಲಿ ಏನಿದೆ ಅಂತ ಮೈಮೇಲೆ ದೊಡ್ಡಕ್ಷರದಲ್ಲಿ ಬರೆದಿತ್ತು. ವೆಂಡಲ್ ಒಂದರ ಮೇಲೆ ಇನ್ನೊಂದನ್ನು ಸುರಿದ. ತೊಟ್ಟಿಯಿಂದ ಎದ್ದ ಹಳದಿ ಹೊಗೆಯಿಂದ ಅವನನ್ನು ಹೊರಗೆಳೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಣ್ಣು ಮಾಡಿ ಒಂಬತ್ತು ದಿನ ಆಗಿತ್ತು. ನೆರೆಹೊರೆಯವರು ತಂದಿಟ್ಟ ಅಡುಗೆಯ ಪಾತ್ರೆಗಳನ್ನು ತೊಳೆದು, ಯಾರದು ಯಾವುದು ಅಂತ ನೆಲ್ಡಾ ಬೇರೆ ಮಾಡುತ್ತಿದ್ದಳು. ಸೊಸೆ ರೊಂಡಾ ಮೇಜಿನ ಮುಂದೆ ಕೂತಿದ್ದಳು. ವಿಚಾರಣೆಗೆ ಬಂದ ಅಧಿಕಾರಿ ಬೆಳಿಗ್ಗೆ ಒಂದು ಕಾಗದ ತೋರಿಸಿ ಹೋಗಿದ್ದ. 'ಎಚ್ಚರಿಕೆಗಳನ್ನೆಲ್ಲ ಓದಿ ತಿಳಿದುಕೊಂಡಿದ್ದೇನೆ' ಅನ್ನುವ ಒಕ್ಕಣೆ, ಕೆಳಗೆ ವೆಂಡಲ್‌ನ ಸಹಿ.

"ಓದಿ ಸಹಿ ಹಾಕಿದ್ದಾನಲ್ಲ ರೊಂಡಾ. ಓದಿಯೂ ಯಾಕೆ ಹಾಗೆ ಮಾಡ್ದ?"

ರೊಂಡಾ ತಲೆ ಎತ್ತಲಿಲ್ಲ. "ಅತ್ತೆ, ಅವನಿಗೆ ಓದೋಕೆ ಬರ್ತಿರ್ಲಿಲ್ಲ."

"ಏನು ಓದೋಕೆ?"

"ಏನೂ. ಮನೆಗೆ ಬಂದ ಕಾಗದ ಎಲ್ಲಾ ನಾನೇ ಓದಿ ಹೇಳ್ತಿದ್ದೆ. ಹೋಟ್ಲಿಗೆ ಹೋದ್ರೆ, 'ಇವಳು ಹೇಳಿದ್ದೇ ನಂಗೂ ಕೊಡಿ' ಅಂತಿದ್ದ. ಹೆಸರು ಬರೆಯೋದು ಬರ್ತಿತ್ತು, ಅಷ್ಟೇ. ನಿಮಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ದ."

ನೆಲ್ಡಾ ಕೈಯಲ್ಲಿದ್ದ ಪಾತ್ರೆಯನ್ನು ನಿಧಾನಕ್ಕೆ ಕೆಳಗಿಟ್ಟಳು. "ಹನ್ನೆರಡನೇ ಕ್ಲಾಸು ಪಾಸಾಗಿದ್ದಾನಲ್ಲೇ."

"ಆಗಿದ್ದಾನೆ."

ನಾಲ್ಕು ದಿನ ನೆಲ್ಡಾ ಮನೆ ಬಿಟ್ಟು ಹೊರಡಲಿಲ್ಲ. ಐದನೇ ದಿನ ಶಾಲೆಯ ಕಚೇರಿಗೆ ಹೋಗಿ ಮಗನ ಹಳೆಯ ಕಡತ ಕೊಡಿ ಅಂದಳು. ಗುಮಾಸ್ತೆ ಅವಳ ಕೈಯ ಊಟ ಉಂಡೇ ಬೆಳೆದವಳು, ಇಲ್ಲ ಅನ್ನಲಿಲ್ಲ. ನೆಲ್ಡಾ ನಿಂತೇ ಓದಿದಳು. ಮೂರನೇ ತರಗತಿಯ ಹಾಳೆಯಲ್ಲಿತ್ತು: ಅಕ್ಷರ ಗುರುತಿಸುತ್ತಾನೆ, ವಾಕ್ಯ ಓದಲಾರ, ಮುಂದಿನ ತರಗತಿಗೆ ಕಳಿಸಿದೆ. ಐದನೇ ತರಗತಿಯಲ್ಲಿ: ಒಳ್ಳೆಯ ನಡತೆ, ಓದು ಬಾರದು, ಮುಂದಿನ ತರಗತಿಗೆ ಕಳಿಸಿದೆ. ಎಂಟನೆಯದರಲ್ಲಿ ಓದಿನ ಮಾತೇ ಇರಲಿಲ್ಲ, ಫುಟ್‌ಬಾಲ್ ತಂಡಕ್ಕೆ ಆಯ್ಕೆಯಾದ ಸಂಗತಿ ಇತ್ತು. ಪ್ರತಿ ವರ್ಷವೂ ಕೆಳಗೆ ಅದೇ ಮಾತು, ಕಳಿಸಿದೆ.

ಮೂರನೇ ತರಗತಿಯ ಹಾಳೆಗೆ ಸಹಿ ಹಾಕಿದ್ದವರು ಟ್ಯಾಕೆಟ್ ಟೀಚರ್. ನಿವೃತ್ತರಾಗಿ ಚರ್ಚಿನ ಹಿಂದಿನ ಬೀದಿಯಲ್ಲಿದ್ದರು. ನೆಲ್ಡಾ ಆ ಹಾಳೆಯನ್ನು ಅವರ ಮಡಿಲಲ್ಲಿಟ್ಟು ಎದುರಿಗೆ ಕೂತಳು.

"ನಿಮಗೆ ಗೊತ್ತಿತ್ತು."

"ಗೊತ್ತಿತ್ತು ನೆಲ್ಡಾ."

"ಹಿಂದೆ ಉಳಿಸ್ಬಹುದಿತ್ತಲ್ಲ. ಒಂದು ಮಾತು ನಂಗೆ ಹೇಳ್ಬಹುದಿತ್ತಲ್ಲ."

ಟೀಚರ್ ಕನ್ನಡಕ ತೆಗೆದು ಉಡುಪಿನ ಅಂಚಿನಲ್ಲೇ ಒರೆಸಿದರು. "ನೀನು ನಮ್ಮವಳು. ದಿನಾ ಮಧ್ಯಾಹ್ನ ನಿನ್ನ ಮುಂದೆ ತಟ್ಟೆ ಹಿಡಿದು ನಿಲ್ತಿದ್ದೆ. ನಿನ್ನ ಮಗನ್ನ ಫೇಲ್ ಮಾಡಿ ಮಾರನೇ ದಿನ ಯಾವ ಮುಖ ಇಟ್ಕೊಂಡು ನಿಲ್ಲಲಿ? ನಾನು ಕಳಿಸಿದ್ರೆ ಮುಂದಿನವರು ಕಲಿಸ್ತಾರೆ ಅಂದ್ಕೊಂಡೆ. ಅವರೂ ಹಾಗೇ ಅಂದ್ಕೊಂಡಿರ್ಬೇಕು."

ಬೈದು ಬರಬೇಕು ಅಂತ ಹೋಗಿದ್ದಳು. ಬೈಯದೆಯೇ ಎದ್ದಳು. ಮನೆಗೆ ಬಂದು, ಗೋಡೆಯ ಮೇಲಿದ್ದ ಪ್ರಮಾಣಪತ್ರವನ್ನು ಇಳಿಸಿ ಮಂಚದ ಕೆಳಗೆ ಕವುಚಿ ಹಾಕಿದಳು. ಮಗ ಪುಸ್ತಕ ಹಿಡಿದು ಕೂತದ್ದನ್ನು ತಾನು ಯಾವತ್ತಾದರೂ ಕಂಡಿದ್ದೆನೇ ಅಂತ ನೆನಪು ಕೆದಕಿದಳು. ಕಂಡಿರಲಿಲ್ಲ. ಕಾಣದಿದ್ದುದನ್ನೂ ಅವಳು ಗಮನಿಸಿರಲಿಲ್ಲ.

ಮರುವರ್ಷ ಶಾಲಾ ಮಂಡಳಿಯ ಚುನಾವಣೆ. ಐದು ಜನರ ಮಂಡಳಿ. ಶಾಲೆಗಳು ಯಾವುದಕ್ಕೆ ಎಷ್ಟು ಖರ್ಚು ಮಾಡಬೇಕು, ಯಾರನ್ನು ನೇಮಿಸಬೇಕು, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದೆಲ್ಲ ಆ ಐದು ಕೈಗಳಲ್ಲಿ. ಶಾಲೆಯ ಸಂಬಳ ತಿನ್ನುವವರು ಅಲ್ಲಿ ಕೂರುವಂತಿಲ್ಲ. ಹೀಗಾಗಿ ನೆಲ್ಡಾ ಕೆಲಸ ಬಿಟ್ಟಳು. ಇನ್ನೆರಡು ವರ್ಷ ಇದ್ದಿದ್ದರೆ ಪೂರ್ತಿ ಪಿಂಚಣಿ ಸಿಗುತ್ತಿತ್ತು.

"ನಿಂಗೆ ತಲೆ ಕೆಟ್ಟಿದೆ" ಅಂದಳು ಓಪಲ್.

ಓಪಲ್ ಡ್ರೈ ಬ್ರಾಂಚ್‌ನವಳು, ಅಲ್ಲಿನ ಶಾಲೆಯ ಅಡುಗೆಯವಳು. ಇಬ್ಬರೂ ಚಿಕ್ಕಂದಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಒಬ್ಬಳ ಮದುವೆಯಲ್ಲಿ ಇನ್ನೊಬ್ಬಳು ಪಕ್ಕದಲ್ಲಿ ನಿಂತವಳು. ತಲೆ ಕೆಟ್ಟಿದೆ ಅಂದವಳೇ ಮಾರನೆಯ ದಿನ ತನ್ನ ಹಳೆಯ ಟ್ರಕ್ಕು ತಂದು ಬಾಗಿಲಲ್ಲಿ ನಿಲ್ಲಿಸಿ ಹಾರ್ನ್ ಹೊಡೆದಳು. "ಗಾಡಿ ಹತ್ತು. ಐವತ್ತು ಜನದ ಸಹಿ ಬೇಕಂತಲ್ಲ, ನಡ್ಕೊಂಡು ತರ್ತೀಯಾ?"

ಸ್ಪರ್ಧಿಸಲು ಊರವರ ಸಹಿ ಬೇಕಿತ್ತು. ಇಬ್ಬರೂ ಮನೆಮನೆ ಸುತ್ತಿದರು. ಸಾವಿನ ಮನೆಯವಳು ಅಂತ ಯಾರೂ ಬಾಗಿಲು ಹಾಕಲಿಲ್ಲ. ಆದರೆ ಮೂರನೇ ದಿನಕ್ಕೆ ನೆಲ್ಡಾಳ ಕಣ್ಣಿಗೆ ಬೇರೆಯೇ ಒಂದು ಸಂಗತಿ ಕಾಣತೊಡಗಿತು. ಕಾಗದ ಕೈಗೆ ಕೊಟ್ಟರೆ ಕೆಲವರ ಕಣ್ಣು ಅದರ ಮೇಲೆ ಓಡುತ್ತಿರಲಿಲ್ಲ, ಅಲ್ಲೇ ನಿಂತಿರುತ್ತಿತ್ತು. "ಕನ್ನಡಕ ಒಳಗಿದೆ, ನೀನೇ ಹೇಳಿಬಿಡು ನೆಲ್ಡಾ" ಅನ್ನುವರು. "ನೀನು ಕೇಳಿದ್ಮೇಲೆ ಓದೋದೇನಿದೆ, ಎಲ್ಲಿ ಹಾಕ್ಲಿ?" ಅನ್ನುವರು. ಗ್ಯಾರೇಜಿನ ಒಬ್ಬ ಗಂಡಸು, ವೆಂಡಲ್‌ನ ಜೊತೆ ಆಡಿದವನು, ನಾಲಿಗೆ ಕಚ್ಚಿಕೊಂಡು ಹೆಸರನ್ನು ಚಿತ್ರ ಬಿಡಿಸಿದ ಹಾಗೆ ಬಿಡಿಸಿದ. ಟ್ರಕ್ಕಿಗೆ ಬಂದು ಕೂತು ನೆಲ್ಡಾ ಹೇಳಿದಳು:

"ಓಪಲ್, ಇವನೂ."

"ಯಾರು, ಇವನಾ? ಎರಡು ಮಕ್ಕಳ ಅಪ್ಪ ಕಣೇ."

"ಇವನೂ. ನಿನ್ನೆ ಆ ಸೇತುವೆ ಹತ್ರದವನೂ. ಇವರಿಗೆಲ್ಲ ನಾನೇ ಊಟ ಹಾಕಿದ್ದು."

ಚುನಾವಣೆಗೆ ಹತ್ತು ದಿನ ಇರುವಾಗ ಅಗ್ನಿಶಾಮಕದವರ ಹಜಾರದಲ್ಲಿ ಅಭ್ಯರ್ಥಿಗಳನ್ನು ಕೂರಿಸಿ ಪ್ರಶ್ನೆ ಕೇಳಿದರು. ಮಂಡಳಿಯ ಅಧ್ಯಕ್ಷ ಮೇನಾರ್ಡ್ ವಿಮೆ ಮಾರುವವನು. ನಗುಮುಖ, ಮೆತ್ತನೆಯ ಮಾತು. ಕ್ರೀಡಾಂಗಣಕ್ಕೆ ಹೊಸ ದೀಪ ಹಾಕಿಸುತ್ತೇನೆ ಅಂತ ಎಂಟು ವರ್ಷದಿಂದ ಹೇಳುತ್ತಿದ್ದವನು.

"ನೆಲ್ಡಾ ಮಾಡೋ ಬನ್ನಿಗೆ ಸಾಟಿ ಇಲ್ಲ, ಅದು ನಾನೂ ಒಪ್ತೀನಿ" ಅಂದ. ಜನ ನಕ್ಕರು. "ಆದ್ರೆ ಇದು ಹಿಟ್ಟು ನಾದೋ ಕೆಲಸ ಅಲ್ಲ ನೋಡಿ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವರು ಶಾಲೆ ನಡೆಸೋದು ಅಂದ್ರೆ…"

ನೆಲ್ಡಾ ಎದ್ದು ನಿಂತಳು. ಬರೆದುಕೊಂಡು ಬಂದಿದ್ದ ಚೀಟಿಯನ್ನು ಮಡಚಿ ಜೇಬಿಗೆ ಹಾಕಿದಳು.

"ಒಂಬತ್ತನೇ ಕ್ಲಾಸು, ನಿಜ. ಆದ್ರೆ ನಂಗೆ ಓದೋಕೆ ಬರುತ್ತೆ. ಡ್ರೈ ಬ್ರಾಂಚ್‌ನಲ್ಲಿ ಕಲಿಸಿದ್ರು. ನನ್ ಮಗ ಹನ್ನೆರಡು ವರ್ಷ ನಿಮ್ಮ ಶಾಲೆಗೆ ಹೋದ. ಅವನು ಸತ್ತ ಪೀಪಾಯಿ ಮೇಲೆ ಒಂಬತ್ತು ಪದ ಬರೆದಿತ್ತು. ನಾನು ಹೋಗಿ ಎಣಿಸಿದೀನಿ. ಮೂರನೇ ಕ್ಲಾಸು ದಾಟೋ ಪ್ರತಿ ಮಗುಗೂ ಆ ಒಂಬತ್ತು ಪದ ಓದೋಕೆ ಬರ್ಬೇಕು. ನಂದು ಇಷ್ಟೇ. ದೀಪ ಆಮೇಲೆ ಹಾಕ್ಸಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ನೆಲ್ಡಾ ಮೂವತ್ತೊಂದು ಮತಗಳಿಂದ ಗೆದ್ದಳು. ಡ್ರೈ ಬ್ರಾಂಚ್‌ನ ಪೆಟ್ಟಿಗೆಯಿಂದ ಬಂದ ನೂರಾ ಎಂಟು ಮತ ಇರದಿದ್ದರೆ ಸೋಲುತ್ತಿದ್ದಳು. ಅಲ್ಲಿ ಮನೆಮನೆಗೆ ಹೋಗಿ ಹೇಳಿದವಳು ಓಪಲ್.

ಜನವರಿಯ ಮೊದಲ ಸಭೆಯಲ್ಲಿ ಮುಂದಿನ ಐದು ವರ್ಷದ ಆದ್ಯತೆಗಳ ಪಟ್ಟಿ ಮೇಜಿಗೆ ಬಂತು. ಕ್ರೀಡಾಂಗಣದ ದೀಪ, ಹೈಸ್ಕೂಲಿನ ಚಾವಣಿ, ಕಂಪ್ಯೂಟರ್ ಕೋಣೆ, ಬ್ಯಾಂಡ್ ಮೇಳದ ಸಮವಸ್ತ್ರ. ಓದು ಅನ್ನುವ ಪದ ಏಳನೆಯ ಸಾಲಿನಲ್ಲಿ 'ಓದಿನ ಅಭಿರುಚಿ ಬೆಳೆಸುವುದು' ಅಂತಿತ್ತು. ನೆಲ್ಡಾ ಬೇರೇನೂ ಕೇಳಲಿಲ್ಲ. ಮೂರನೇ ತರಗತಿಯ ಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ಕೂರಿಸಿ ಒಂದು ಪುಟ ಓದಿಸಿ, ಬಂದದ್ದನ್ನು ಬಂದ ಹಾಗೆ ಬರೆದು ತನ್ನಿ ಅಂದಳು. ಅದಕ್ಕೆ ಯಾರೂ ಬೇಡ ಅನ್ನಲಾಗಲಿಲ್ಲ.

ಮಾರ್ಚ್‌ನಲ್ಲಿ ವರದಿ ಬಂತು. ಎಂಬತ್ತೆಂಟು ಮಕ್ಕಳು. ಅವರಲ್ಲಿ ನಲವತ್ತೊಂದು ಮಕ್ಕಳಿಗೆ ಪುಟ ಓದಲು ಬರಲಿಲ್ಲ.

ಸಭೆಯಲ್ಲಿ ಕೂತಿದ್ದ ತಾಯಂದಿರಲ್ಲಿ ಒಬ್ಬಳು "ಅಯ್ಯೋ ದೇವರೇ" ಅಂದದ್ದು ಎಲ್ಲರಿಗೂ ಕೇಳಿಸಿತು. ಓದು ಕಲಿಸಲೆಂದೇ ತರಬೇತಿ ಪಡೆದ ನಾಲ್ವರು ಶಿಕ್ಷಕರು ಬೇಕು ಅಂತ ನೆಲ್ಡಾ ಸೂಚಿಸಿದಳು. ಹಣ ಎಲ್ಲಿಂದ ಅಂತ ಮೇನಾರ್ಡ್ ಕೇಳಿದ. ಎರಡು ವರ್ಷ ಫುಟ್‌ಬಾಲಿನ ದೂರದ ಪ್ರಯಾಣ ನಿಲ್ಲಿಸಿ, ದೀಪ ಕೈಬಿಡಿ ಅಂದಳು. ಅನುಮೋದಿಸುವವರು ಯಾರು ಅಂತ ಅಧ್ಯಕ್ಷ ಎಡಕ್ಕೂ ಬಲಕ್ಕೂ ನೋಡಿದ. ಒಬ್ಬ ಪೆನ್ನಿನ ಮುಚ್ಚಳ ನೋಡುತ್ತಿದ್ದ, ಇನ್ನೊಬ್ಬಳು ಕಿಟಕಿ ನೋಡುತ್ತಿದ್ದಳು. ಅನುಮೋದನೆಯಿಲ್ಲದೆ ಸೂಚನೆ ಬಿದ್ದುಹೋಯಿತು.

ಸಭೆ ಮುಗಿದ ಮೇಲೆ ಮೇನಾರ್ಡ್ ವಾಹನ ನಿಲ್ಲಿಸುವ ಜಾಗದ ತನಕ ಅವಳ ಜೊತೆ ನಡೆದು ಬಂದ.

"ನಾನು ಕೆಟ್ಟವನಲ್ಲ ನೆಲ್ಡಾ. ಆ ನಲವತ್ತೊಂದು ನಂಗೂ ನಿದ್ದೆ ಕೆಡಿಸಿದೆ. ಆದ್ರೆ ಫುಟ್‌ಬಾಲ್ ಮುಟ್ಟಿದ್ರೆ ಈ ಊರು ನಮ್ಮನ್ನೂ ಉಳಿಸಲ್ಲ, ನಿನ್ನ ಟೀಚರ್‌ಗಳನ್ನೂ ಉಳಿಸಲ್ಲ. ಬೇರೆ ದಾರಿ ಇದೆ."

"ಹೇಳಿ."

"ಡ್ರೈ ಬ್ರಾಂಚ್. ಮೂವತ್ತನಾಲ್ಕು ಮಕ್ಕಳಿಗೆ ಒಂದು ಕಟ್ಟಡ, ಇಬ್ಬರು ಶಿಕ್ಷಕರು, ಅಡುಗೆಯವಳು, ಬಾಯ್ಲರ್. ಅದನ್ನ ಮುಚ್ಚಿದ್ರೆ ನಿನ್ನ ನಾಲ್ವರಿಗೂ ಆಗುತ್ತೆ. ನಾನೂ ನನ್ನ ಪಕ್ಕ ಕೂರೋನೂ ಸೈ ಅಂತೀವಿ, ಆ ಇನ್ನಿಬ್ಬರು ಬೇಡ ಅಂತಾರೆ. ಇನ್ನು ಉಳಿದಿರೋದು ನಿನ್ನ ಕೈ."

ನೆಲ್ಡಾ ಕಾರಿನ ಬಾಗಿಲು ತೆಗೆದು ಹಿಡಿದುಕೊಂಡು ನಿಂತೇ ಇದ್ದಳು. "ನಾನು ಹುಟ್ಟಿದ್ದು ಅಲ್ಲಿ" ಅಂದಳು.

"ಗೊತ್ತು" ಅಂದ ಮೇನಾರ್ಡ್. "ಅದಕ್ಕೇ ನೀನು ಎತ್ತಿದ್ರೆ ಯಾರೂ ಮಾತಾಡಲ್ಲ."

ಮೂರು ವಾರ ಅವಳ ಅಡುಗೆಮನೆಯ ಮೇಜಿನ ಮೇಲೆ ಆ ವರದಿ ಬಿದ್ದುಕೊಂಡಿತ್ತು. ಮಕ್ಕಳ ಹೆಸರಿರಲಿಲ್ಲ, ಬರೀ ಸಂಖ್ಯೆ. ಆದರೂ ಅವಳಿಗೆ ಮುಖಗಳು ಗೊತ್ತಿದ್ದವು. ಭಾನುವಾರ ಚರ್ಚ್ ಮುಗಿಸಿ ಓಪಲ್ ಬಂದಳು. ಕೋಟು ತೆಗೆಯದೆ ಕೂತಳು.

"ಐದನೇ ಕೈ ನಿಂದಂತೆ."

"ಹೂಂ."

"ಎತ್ತಲ್ಲ ಅಂತ ಬಾಯ್ಬಿಟ್ಟು ಹೇಳು. ಕೇಳ್ಕೊಂಡು ಮನೆಗೆ ಹೋಗ್ತೀನಿ."

ನೆಲ್ಡಾ ವರದಿಯನ್ನು ಅವಳ ಕಡೆ ತಳ್ಳಿದಳು. "ನಲವತ್ತೊಂದು ಮಕ್ಕಳು ಓಪಲ್. ಓದೋಕೆ ಬರಲ್ಲ. ಇವರನ್ನೂ ಹೀಗೇ ಮುಂದೆ ಮುಂದೆ ತಳ್ತಾರೆ."

ಓಪಲ್ ಹಾಳೆಯ ಮೇಲೆ ಬೆರಳಿಟ್ಟು ಕೆಳಗೆ ಕೆಳಗೆ ಬಂದಳು. ಒಂದು ಕಡೆ ಬೆರಳು ನಿಂತಿತು. "ಇದು ನಮ್ಮದು. ಡ್ರೈ ಬ್ರಾಂಚ್, ಮೂರನೇ ಕ್ಲಾಸಲ್ಲಿ ಒಂಬತ್ತು. ಓದೋಕೆ ಬರದೇ ಇರೋರು ಎರಡೇ." ತಲೆ ಎತ್ತಿದಳು. "ಅಂದ್ರೆ ಓದು ಕಲಿಸೋ ಶಾಲೆ ಮುಚ್ಚಿ, ಕಲಿಸದೇ ಇರೋ ಶಾಲೆಗೆ ಕಳಿಸ್ತೀಯ."

"ಕಲಿಸೋ ಹಾಗೆ ಮಾಡ್ತೀನಿ. ನಾಲ್ಕು ಜನ ಟೀಚರ್ ಬರ್ತಾರೆ."

"ಹದಿನೆಂಟು ಮೈಲಿ. ಆ ರಸ್ತೇಲಿ. ಚಳಿಗಾಲದಲ್ಲಿ. ನನ್ ಮೊಮ್ಮಗಳು ಲೆಟಾಗೆ ಆರು ವರ್ಷ."

"ಕೆಳಗೆ ಮೂವತ್ತೊಂಬತ್ತು ಇದಾವಲ್ಲೇ. ಅವರನ್ನ ಏನ್ ಮಾಡ್ಲಿ?"

ಓಪಲ್ ಎದ್ದಳು. ಬಾಗಿಲ ಹತ್ತಿರ ಹೋಗಿ ನಿಂತಳು. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಅಂತ ನೆಲ್ಡಾಳಿಗೆ ಆಮೇಲೆ ಎಷ್ಟೋ ಸಲ ಅನಿಸಿತು.

"ವೆಂಡಲ್‌ಗೆ ಆಗಿದ್ದನ್ನ ನನ್ ಲೆಟಾ ಮೇಲೆ ಹಾಕಿ ತೀರಿಸ್ಕೋತಿದೀಯ" ಅಂದಳು ಓಪಲ್. "ನಿನ್ನ ಗೆಲ್ಸಿದ್ದು ನಾವು ಕಣೇ."

ಏಪ್ರಿಲ್‌ನ ಸಭೆಗೆ ಡ್ರೈ ಬ್ರಾಂಚ್‌ನವರು ಅರುವತ್ತು ಜನ ಬಂದಿದ್ದರು. ಕುರ್ಚಿ ಸಾಲದೆ ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ನೆಲ್ಡಾಳಿಗೆ ಅವರಲ್ಲಿ ಅರ್ಧ ಜನ ಸೋದರಸಂಬಂಧಿಗಳು. ಒಬ್ಬೊಬ್ಬರಾಗಿ ಬಂದು ಎರಡೆರಡು ನಿಮಿಷ ಮಾತಾಡಿದರು. ಶಾಲೆ ಹೋದರೆ ಊರೇ ಹೋಗುತ್ತದೆ, ಅಲ್ಲಿ ಅದಲ್ಲದೆ ಇನ್ನೇನಿದೆ ಅಂದರು. ಓಪಲ್ ಬಂದಿದ್ದಳು, ಮಾತಾಡಲಿಲ್ಲ. ಮುಚ್ಚುವುದಕ್ಕೆ ಒಪ್ಪಿಗೆ ಇರುವವರು ಕೈ ಎತ್ತಿ ಅಂದ ಅಧ್ಯಕ್ಷ. ಅವನದು ಎದ್ದಿತು, ಅವನ ಪಕ್ಕದವನದು ಎದ್ದಿತು. ನೆಲ್ಡಾ ಮೇಜಿನ ಅಂಚು ಹಿಡಿದುಕೊಂಡಿದ್ದಳು. ಆಮೇಲೆ ಬಿಟ್ಟಳು. ನಾನೂರು ತಟ್ಟೆ ತುಂಬಿದ ಆ ದೊಡ್ಡ ಕೈ ಕಿವಿಯ ಮಟ್ಟಕ್ಕೆ ಮಾತ್ರ ಎದ್ದಿತು. ಗುಮಾಸ್ತೆ ಎಣಿಸಲು ಅಷ್ಟು ಸಾಕಿತ್ತು.

ಗೋಡೆಗೆ ಒರಗಿದ್ದವರಲ್ಲಿ ಒಬ್ಬ ಮುದುಕ, ನೆಲ್ಡಾಳ ಅಪ್ಪನ ತಮ್ಮ, ಟೋಪಿ ತಲೆಗಿಟ್ಟುಕೊಂಡ. "ನಡೀರಪ್ಪ. ನಮ್ಮ ಹುಡುಗಿಯೇ ಕತ್ತು ಕೊಯ್ದಳು" ಅಂದ. ಎಲ್ಲರೂ ಸದ್ದಿಲ್ಲದೆ ಹೊರಗೆ ಹೋದರು.

ನಾಲ್ವರು ಶಿಕ್ಷಕರು ಅಂದದ್ದು ಸೆಪ್ಟೆಂಬರ್ ಬರುವಷ್ಟರಲ್ಲಿ ಮೂವರಾಯಿತು. ನಾಲ್ಕನೆಯವರ ದುಡ್ಡು ಚಾವಣಿಗೆ ಹೋಯಿತು. ಆದರೂ ಬಂದ ಮೂವರು ಗಟ್ಟಿಗರು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಕ್ಷರಕ್ಕೆ ಸದ್ದು ಸೇರಿಸಿ, ತಿಂಗಳುಗಟ್ಟಲೆ ತಾಳ್ಮೆಯಿಂದ ತಿದ್ದಿದರು. ನೆಲ್ಡಾ ವಾರಕ್ಕೆರಡು ದಿನ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದಳು. ಎರಡನೇ ವರ್ಷದ ಕೊನೆಗೆ ಮತ್ತೆ ಓದಿಸಿದಾಗ ಎಪ್ಪತ್ತೊಂಬತ್ತು ಮಕ್ಕಳಲ್ಲಿ ಬಾರದವರು ಹದಿನೇಳು. ವರದಿಯನ್ನು ಟ್ಯಾಕೆಟ್ ಟೀಚರ್ ಮನೆಗೆ ಒಯ್ದು ತೋರಿಸಿದಳು. ಟೀಚರ್ ಎರಡು ಸಲ ಓದಿ, "ಇಷ್ಟು ಮಾಡೋಕೆ ಆಗುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ" ಅಂದರು. ಆ ಮಾತಿನಲ್ಲಿ ಸಂತೋಷಕ್ಕಿಂತ ಬೇರೆ ಏನೋ ಹೆಚ್ಚಿತ್ತು.

ಆದರೆ ಎಪ್ಪತ್ತೊಂಬತ್ತರಲ್ಲಿ ಡ್ರೈ ಬ್ರಾಂಚ್‌ನವು ಮೂರೇ ಇದ್ದವು. ಬಸ್ಸು ಬೆಳಗಿನ ಆರಕ್ಕೆ ಗುಡ್ಡ ಬಿಡುತ್ತಿತ್ತು. ಆರು ವರ್ಷದ ಮಕ್ಕಳು ಕತ್ತಲಲ್ಲಿ ರಸ್ತೆಬದಿ ನಿಂತು, ಒಂದೂಕಾಲು ತಾಸು ಕೂತು, ವಾಂತಿ ಮಾಡಿಕೊಂಡು ಶಾಲೆಗೆ ಇಳಿಯುತ್ತಿದ್ದವು. ಹಿಮ ಬಿದ್ದ ದಿನ ಬಸ್ಸೇ ಇಲ್ಲ. ಮೊದಲ ಚಳಿಗಾಲದಲ್ಲೇ ಒಬ್ಬೊಬ್ಬರಾಗಿ ಬಿಡಿಸಿದರು. 'ಮನೆಯಲ್ಲೇ ಕಲಿಸುತ್ತೇವೆ' ಅಂತ ಒಂದು ಅರ್ಜಿ ಬರೆದುಕೊಟ್ಟರೆ ಕಾನೂನಿಗೆ ಸಾಕಿತ್ತು. ಎರಡು ವರ್ಷದಲ್ಲಿ ಅಂಥ ಹತ್ತೊಂಬತ್ತು ಅರ್ಜಿ ಮಂಡಳಿಯ ಮುಂದೆ ಬಂದವು. ಎಷ್ಟೋ ಅರ್ಜಿಗಳಲ್ಲಿ ಒಂದೇ ಕೈಬರಹ. ಓದುಬರಹ ಬಲ್ಲ ಒಬ್ಬರ ಹತ್ತಿರ ಬರೆಸಿಕೊಂಡು ತಂದೆಯರು ಸಹಿ ಹಾಕಿದ್ದರು. ಅದು ಓಪಲ್‌ಳ ಕೈ. ಲೆಟಾಳದ್ದೂ ಅದರಲ್ಲಿತ್ತು.

ಎರಡು ಸಾವಿರದ ಇಸವಿಯಲ್ಲಿ ಶಾಲಾ ತೆರಿಗೆ ಮುಂದುವರಿಸಬೇಕೇ ಬೇಡವೇ ಅಂತ ಊರವರ ಮತಕ್ಕೆ ಬಂತು. ಕೆಳಗಿನ ಊರು ಹೆಚ್ಚುಕಮ್ಮಿ ಸಮಸಮ ಹಂಚಿಹೋಯಿತು. ಡ್ರೈ ಬ್ರಾಂಚ್‌ನಲ್ಲಿ ಬೇಡ ಅಂದವರು ನೂರಾ ಹನ್ನೆರಡು, ಬೇಕು ಅಂದವರು ಮೂವರು. ನಮ್ಮ ಶಾಲೆ ಕಿತ್ತುಕೊಂಡವರಿಗೆ ನಾವ್ಯಾಕೆ ಕಪ್ಪ ಕಟ್ಟಬೇಕು ಅಂದರು. ತಪ್ಪು ಅಂತ ಹೇಳುವುದು ಹೇಗೆ? ತೆರಿಗೆ ಬಿದ್ದುಹೋಯಿತು.

ಯಾರನ್ನು ತೆಗೆಯುವುದು ಅನ್ನುವ ಸಭೆ ಹದಿನೈದು ನಿಮಿಷದಲ್ಲಿ ಮುಗಿಯಿತು. ಕೊನೆಗೆ ಸೇರಿದವರು ಮೊದಲು ಹೋಗಬೇಕು ಅನ್ನುವುದು ಕರಾರು. ಕೊನೆಗೆ ಸೇರಿದವರು ಆ ಮೂವರೇ. ಕ್ರೀಡಾಂಗಣದ ದೀಪಕ್ಕೆ ಊರಿನ ಹಳೆಯ ಆಟಗಾರರು ಚಂದಾ ಎತ್ತಿಕೊಟ್ಟಿದ್ದರು, ಅದನ್ನು ಬೇರೆಯದಕ್ಕೆ ಮುಟ್ಟುವಂತಿರಲಿಲ್ಲ. ನಾಲ್ಕು ಕೈ ಎದ್ದವು. ನೆಲ್ಡಾ ಒಬ್ಬಳೇ ಎತ್ತಲಿಲ್ಲ.

"ಮೇನಾರ್ಡ್, ಮಾತು ಕೊಟ್ಟಿದ್ರಿ" ಅಂದಳು.

"ಎರಡು ವರ್ಷ ಉಳಿಸ್ಕೊಂಡೆ ನೆಲ್ಡಾ. ದುಡ್ಡಿಲ್ಲದ ಕಡೆ ಮಾತಿಗೇನು ಬೆಲೆ?" ಅಂದ ಅವನು. ಅವನ ಮುಖದಲ್ಲಿ ನಿಜವಾಗಿಯೂ ಬೇಸರ ಇತ್ತು. ಅದರಿಂದ ಅವಳಿಗೆ ಇನ್ನೂ ಕಷ್ಟವಾಯಿತು.

ಮರುವರ್ಷದ ಚುನಾವಣೆಯಲ್ಲಿ ಫುಟ್‌ಬಾಲ್ ತರಬೇತುದಾರನ ಹೆಂಡತಿ ಗೆದ್ದಳು. ನೆಲ್ಡಾಳಿಗೆ ಡ್ರೈ ಬ್ರಾಂಚ್‌ನಲ್ಲಿ ಬಿದ್ದದ್ದು ನಾಲ್ಕು ಮತ. ಆ ನಾಲ್ವರು ಯಾರು ಅಂತ ಅವಳು ಬಹಳ ದಿನ ಯೋಚಿಸಿದಳು.

ಆಮೇಲೆ ಅವಳು ಮಾಡಿದ್ದು ಯಾರೂ ಹೇಳಿ ಮಾಡಿಸಿದ್ದಲ್ಲ. ಕೆಲಸ ಹೋದ ಶಿಕ್ಷಕಿಯೊಬ್ಬಳಿಂದ ಓದು ಕಲಿಸುವ ಕ್ರಮ ಕೇಳಿ ಬರೆದುಕೊಂಡಳು. ಪುಸ್ತಕದ ಚೀಲ ಕಾರಿಗೆ ಹಾಕಿಕೊಂಡು ಮಂಗಳವಾರ ಮಂಗಳವಾರ ಡ್ರೈ ಬ್ರಾಂಚ್‌ಗೆ ಹೋಗತೊಡಗಿದಳು. ಶಾಲೆಯ ಕಟ್ಟಡವನ್ನು ಯಾರೋ ಕೊಂಡು ಹುಲ್ಲು ತುಂಬಿದ್ದರು. ಮೊದಲ ಮನೆಯಲ್ಲಿ ನಾಯಿ ಬಿಟ್ಟರು. ಎರಡನೆಯ ಮನೆಯ ಗಂಡಸು ಗೇಟಿನ ಮೇಲೆ ಮೊಣಕೈಯೂರಿ, "ಬಾಗಿಲು ಮುಚ್ಚಿದೋಳು ಈಗ ಕಿಟಕಿಯಿಂದ ಬರ್ತಿದೀಯಾ?" ಅಂತ ನಕ್ಕ. ಓಪಲ್ ಬಾಗಿಲು ಅರ್ಧ ತೆರೆದು, "ಲೆಟಾಗೆ ನಾನೇ ಕಲಿಸ್ತಿದೀನಿ. ಹೋಗು" ಅಂದಳು. ಒಳಗಿನಿಂದ ಟಿವಿಯ ಸದ್ದು ಬರುತ್ತಿತ್ತು.

ಕೊನೆಯ ಮನೆಯ ಹೆಂಗಸೊಬ್ಬಳು, ಗಂಡ ಜೈಲಿನಲ್ಲಿದ್ದವಳು, ಒಳಗೆ ಕರೆದಳು. ಅವಳ ಮೂರು ಮಕ್ಕಳಿಗೆ ನೆಲ್ಡಾ ಎರಡು ಚಳಿಗಾಲ ಓದು ಹೇಳಿಕೊಟ್ಟಳು. ದೊಡ್ಡದು ಸರಾಗವಾಗಿ ಓದಲು ಕಲಿಯಿತು, ನಡುವಿನದು ತಡವರಿಸುತ್ತಾ ಓದುತ್ತಿತ್ತು. ಚಿಕ್ಕದು ಇನ್ನೂ ಅಕ್ಷರದಲ್ಲಿರುವಾಗ ಅವರು ಬೇರೆ ರಾಜ್ಯಕ್ಕೆ ಹೊರಟುಹೋದರು. ಹೋಗುವ ಸುದ್ದಿ ಹೇಳಿರಲಿಲ್ಲ. ಮಂಗಳವಾರ ಹೋದಾಗ ಮನೆ ಖಾಲಿ ಇತ್ತು.

ಎರಡು ಸಾವಿರದ ಎಂಟರ ಚಳಿಗಾಲದಲ್ಲಿ ನೆಲ್ಡಾಳ ಹೃದಯ ಸೋತಿತು. ಕಾಲು ಬಾತು ಹಾಸಿಗೆ ಹಿಡಿದಳು. ಬೇರೆ ಮದುವೆಯಾಗಿದ್ದರೂ ರೊಂಡಾ ದಿನಾ ಬಂದು ನೋಡಿಕೊಳ್ಳುತ್ತಿದ್ದಳು. ಫೆಬ್ರುವರಿಯ ಒಂದು ಮಧ್ಯಾಹ್ನ ಅವಳು ಒಳಗೆ ಬಂದು, "ಅತ್ತೆ, ನಿಮ್ಮನ್ನ ನೋಡೋಕೆ ಯಾರೋ ಬಂದಿದಾರೆ" ಅಂದಳು. ಓಪಲ್ ಬಾಗಿಲಲ್ಲಿ ನಿಂತಿದ್ದಳು. ಮುದುಕಿಯಾಗಿದ್ದಳು. ಹತ್ತು ವರ್ಷವಾಗಿತ್ತು ಅವರಿಬ್ಬರೂ ಕೂತು ಮಾತಾಡಿ.

"ಕ್ಷಮಿಸೋಕೆ ಬಂದಿಲ್ಲ" ಅಂದಳು ಓಪಲ್, ಕುರ್ಚಿ ಎಳೆದುಕೊಳ್ಳುತ್ತಾ.

"ನಾನು ಕೇಳಿಲ್ಲವಲ್ಲ. ಮತ್ಯಾಕೆ ಬಂದೆ?"

"ಮೇಲೆ ಈಗ ಒಂಬತ್ತೇ ಮನೆ. ನನ್ ಜೊತೆ ಮಾತಾಡೋರು ಯಾರೂ ಉಳಿದಿಲ್ಲ."

ಹೊರಗೆ, ಹಿಮದಲ್ಲಿ ಜಾರದಂತೆ ರಸ್ತೆಗೆ ಮರಳು ಹಾಕುವ ಲಾರಿ ಹಾದುಹೋಯಿತು. ನೆಲ್ಡಾ ದಿಂಬಿಗೆ ಒರಗಿ ಸ್ವಲ್ಪ ಮೇಲೆದ್ದಳು. "ಲೆಟಾ?"

"ಹೆದ್ದಾರಿ ಪೆಟ್ರೋಲ್ ಬಂಕಲ್ಲಿ ಕೆಲಸ. ಹದಿನಾರು ಈಗ."

"ಓದ್ತಾಳಾ?"

ಓಪಲ್ ಕಿಟಕಿಯ ಕಡೆ ನೋಡಿದಳು. "ನನ್ ಕೈಲಿ ಆದಷ್ಟು ಕಲಿಸ್ದೆ" ಅಂದಳು. "ನಾನು ಅಡುಗೆಯೋಳು ಕಣೇ."

ಆಮೇಲೆ ಓಪಲ್ ಕೇಳಿದಳು, "ಇನ್ನೊಂದ್ಸಲ ಆ ದಿನ ಬಂದ್ರೆ ಕೈ ಎತ್ತುತೀಯಾ?"

"ದಿನಾ ಅದನ್ನೇ ಯೋಚಿಸ್ತೀನಿ" ಅಂದಳು ನೆಲ್ಡಾ. "ಒಂದಿನ ಎತ್ತುತೀನಿ. ಒಂದಿನ ಎತ್ತಲ್ಲ. ಇವತ್ತು ಎತ್ತಲ್ಲ, ನೀನು ಎದುರಿಗೆ ಕೂತಿದೀಯಲ್ಲ."

ಓಪಲ್ ನಗಲಿಲ್ಲ. ಜಾರಿದ್ದ ಕಂಬಳಿಯನ್ನು ಎಳೆದು ನೆಲ್ಡಾಳ ಬಾತ ಪಾದಗಳ ಮೇಲೆ ಹೊದಿಸಿದಳು. ರಸ್ತೆ ಹೆಪ್ಪುಗಟ್ಟುವ ಮೊದಲು ಗುಡ್ಡ ಹತ್ತಬೇಕು ಅಂತ ಎದ್ದು, ಗುರುವಾರ ಬರುತ್ತೇನೆ ಅಂದಳು. ಗುರುವಾರ ಬಂದಳು. ಅದರ ಮುಂದಿನ ಗುರುವಾರವೂ ಬಂದಳು. ಆ ಶನಿವಾರ ಬೆಳಿಗ್ಗೆ ನೆಲ್ಡಾ ತೀರಿಕೊಂಡಳು.